ಗಂಗುಲಪ್ಪನ ಹತ್ತೊಂಬತ್ತನೇ ಸೆಕ್ಷನ್

ಮೇಲೂರಿನ ಬಸ್‌ಸ್ಟಾಪಿನಲ್ಲಿ ಆಂಜನಪ್ಪನ ಫ್ಲೆಕ್ಸ್ ಎದ್ದ ದಿನವೇ ಗಂಗುಲಪ್ಪನಿಗೆ ಅನ್ನ ಸೇರುವುದು ನಿಂತಿತು. ತಾಲ್ಲೂಕಿಗೇ ಉತ್ತಮ ರೇಷ್ಮೆ ಬೆಳೆಗಾರನಂತೆ! ಶಾಲು, ಹಾರ, ಮೈಸೂರು ಪೇಟ, ಆನೆ ಗಾತ್ರದ ಮುಖ. ಆ ನಗುವಿನ ಒಂದೊಂದು ಹಲ್ಲೂ ನಂದಿ ಬೆಟ್ಟದ ತುದಿಯಲ್ಲಿ ನಿಂತವರಿಗೆ ಕಾಣುತ್ತಿತ್ತು.

ಆ ಪೇಟ ವರ್ಷಗಟ್ಟಲೆ ಗಂಗುಲಪ್ಪನ ತಲೆಯ ಮೇಲಿತ್ತು. ಅವನ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಬಂತೆಂದರೆ ಕೊಳ್ಳಲು ಬಂದವರು ಅದರ ಹೊಳಪಿಗೆ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಿತ್ತು. ಗುಟ್ಟು ಒಂದೇ, ಶುಚಿ. ಹುಳುಮನೆಯ ಹೊಸ್ತಿಲಲ್ಲಿ ಸುಣ್ಣದ ನೀರಿನ ತೊಟ್ಟಿ. ಚಪ್ಪಲಿ ಹೊರಗೆ ಬಿಡಬೇಕು, ತೊಟ್ಟಿಯಲ್ಲಿ ಕಾಲು ಅದ್ದಬೇಕು, ಒಳಗಿಟ್ಟ ರಬ್ಬರ್ ಚಪ್ಪಲಿ ಮೆಟ್ಟಿ ಮುಂದೆ ಹೋಗಬೇಕು. ಹೊರಗಿನ ಸೋಂಕು ತಗುಲಿದರೆ ಹುಳು ಉಳಿಯುವುದಿಲ್ಲ. ಲಗ್ನಪತ್ರಿಕೆ ತಂದ ಬೀಗರನ್ನೂ ಓಟು ಕೇಳಲು ಬಂದ ಅಭ್ಯರ್ಥಿಯನ್ನೂ ಗಂಗುಲಪ್ಪ ಪಂಚೆ ಎತ್ತಿಸಿ ತೊಟ್ಟಿಗಿಳಿಸಿದ್ದ. ಸಾಕ್ಷಾತ್ ಯಮನೇ ಬಂದಿದ್ದರೂ ಕೋಣವನ್ನು ಹೊರಗೆ ಕಟ್ಟಿ, ಕಾಲು ಅದ್ದಿಯೇ ಒಳಗೆ ಬರಬೇಕಿತ್ತು.

ಪಕ್ಕದ ತೋಟದ ಆಂಜನಪ್ಪ ಈ ವಿದ್ಯೆಯನ್ನೆಲ್ಲ ಕಲಿತದ್ದು ಇವನಿಂದಲೇ. ಅಣ್ಣಾ ಅಣ್ಣಾ ಎಂದು ಹಿಂದೆ ಸುತ್ತಿ, ಕೊನೆಗೆ ಪೇಟವನ್ನೇ ಎಗರಿಸಿದ್ದ. ಈ ಸಲದ ಬೆಳೆಯೂ ಅವನದೇ ಮೇಲಾದರೆ ಪೇಟ ಆಚೆ ತೋಟಕ್ಕೇ ಖಾಯಂ. ಅವನ ಹುಳುಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಸೊಪ್ಪು ಮೇಯುವ ಸದ್ದು ಚಿಂತಾಮಣಿಗೆ ಕೇಳುವಂತಿತ್ತು. ಇನ್ನು ಕೆಲವೇ ದಿನಗಳಲ್ಲಿ ಗೂಡು ಕಟ್ಟುತ್ತವೆ. ಅಷ್ಟರೊಳಗೆ ಅವು ಸಾಯಬೇಕು, ಸಾಯಿಸಿದವನ ಕೂದಲೂ ಕೊಂಕಬಾರದು.

ತಂಗಿಯ ಮಗ ಹರಿಕೃಷ್ಣ ಚಿಕ್ಕಬಳ್ಳಾಪುರದಲ್ಲಿ ವಕೀಲ. ಕೋರ್ಟಿನ ಎದುರಿನ ಅಂಗಡಿಯಲ್ಲಿ ಟೀ ಕುಡಿಸಿ, ಗೌರಿಬಿದನೂರಿನ ಸ್ನೇಹಿತನೊಬ್ಬನ ಪರವಾಗಿ ಎಂದು, ತಪ್ಪು ಮಾಡಿಯೂ ಶಿಕ್ಷೆ ತಪ್ಪಿಸಿಕೊಳ್ಳುವ ದಾರಿಯನ್ನು ಗಂಗುಲಪ್ಪ ವಿಚಾರಿಸಿದ.

“ಬಚಾವಾಗೋಕೆ ಎರಡು ದಾರಿ ಇದೆ ಮಾಮ,” ಎಂದ ಹರಿಕೃಷ್ಣ. “ಒಂದು, ‘ಮಾಡಿದ್ದು ತಪ್ಪೇ, ಆದ್ರೆ ಪಾಪ ಅವನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ’ ಅನ್ನೋದು. ಹುಚ್ಚು, ಮೋಸದಿಂದ ಯಾರೋ ಕುಡಿಸಿಬಿಟ್ರು, ಅಂಥವು. ಇನ್ನೊಂದು, ‘ಮಾಡಿದ್ದೇ ಸರಿ’ ಅನ್ನೋದು. ಬೆಂಕಿ ಊರಿಗೆಲ್ಲ ಹಬ್ಬದಿರ್ಲಿ ಅಂತ ಪಕ್ಕದವನ ಗುಡಿಸಲು ಕೆಡವಿದ್ರೆ ಅದು ಅಪರಾಧ ಆಗಲ್ಲ. ಮೊದಲು ಎಂಬತ್ತೊಂದನೇ ಸೆಕ್ಷನ್ನು, ಹೊಸ ಕಾನೂನಲ್ಲಿ ಹತ್ತೊಂಬತ್ತು.”

“ಅಷ್ಟೇನಾ?”

“ಕೆಟ್ಟ ಉದ್ದೇಶ ಇರಬಾರ್ದು. ಬೇರೇನೂ ಮಾಡೋಕೆ ಪುರುಸೊತ್ತೇ ಇರಲಿಲ್ಲ, ಅಷ್ಟು ಅವಸರ ಇತ್ತು ಅಂತ ಕಾಣ್ಬೇಕು. ಅದ್ಸರಿ, ನಿಮ್ಮ ಸ್ನೇಹಿತ ಏನ್ ಮಾಡ್ದ ಮಾಮ?”

“ಇನ್ನೂ ಮಾಡಿಲ್ಲ ಕಣಪ್ಪ,” ಎಂದು ಗಂಗುಲಪ್ಪ ಲೋಟ ಕೆಳಗಿಟ್ಟ.

ಬಸ್ಸಿನಲ್ಲಿ ಕೂತು ಎರಡೂ ದಾರಿಗಳನ್ನು ತೂಗಿ ನೋಡಿದ. ಹುಚ್ಚು ಬೇಡವೆನಿಸಿತು, ಹುಚ್ಚನ ತಲೆಗೆ ಯಾರು ಪೇಟ ಸುತ್ತುತ್ತಾರೆ? ‘ಮಾಡಿದ್ದೇ ಸರಿ’ ಮಾತ್ರ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಮೈಗೆ ಕೂತಿತು. ಹುಳುಗಳನ್ನೂ ಕೊಲ್ಲಬಹುದು, ಊರಿನವರಿಂದ ಶಹಬ್ಬಾಸ್ ಎಂದೂ ಅನ್ನಿಸಿಕೊಳ್ಳಬಹುದು. ಭೂಮಿ ಹುಟ್ಟಿದಾಗಿನಿಂದ ಇಂಥ ಉಪಾಯ ಇನ್ನೊಬ್ಬನಿಗೆ ಹೊಳೆದಿರಲಾರದು ಎಂದುಕೊಂಡ.

ಆಂಜನಪ್ಪನ ಹುಳುಮನೆಯ ಹಿಂದೆ ಒಣಗಿದ ಹಿಪ್ಪುನೇರಳೆ ಕಡ್ಡಿಯ ರಾಶಿಯಿತ್ತು. ಸಂಜೆ ಗಂಡ ಹೆಂಡತಿ ಇಬ್ಬರೂ ಸೊಪ್ಪು ಕುಯ್ಯಲು ತೋಟದ ಆ ತುದಿಗೆ ಹೋಗುತ್ತಿದ್ದರು. ರಾಶಿಯೊಳಗೆ ಒಂದು ಸೊಳ್ಳೆಬತ್ತಿ ಸಿಕ್ಕಿಸಿ ಬಂದರೆ ಸಾಕು, ತಣ್ಣಗೆ ಸುತ್ತಿ ಸುತ್ತಿ ಉರಿದು, ಕೊನೆಗೆ ಕಡ್ಡಿಗೆ ಹತ್ತಿಸಿ, ತಾನೂ ಬೂದಿಯಾಗುತ್ತದೆ. ಹೊಗೆ ಎದ್ದ ಕೂಡಲೇ ತನ್ನ ಬೋರ್‌ವೆಲ್ಲಿನ ಪೈಪು ಎಳೆದುಕೊಂಡು ಹುಳುಮನೆಗೆ ನುಗ್ಗುವುದು. ಹಿಂದಿನ ಕಿಟಕಿಯಿಂದ ಬೆಂಕಿಗೆ ನೀರು ಬಿಡುವ ನೆಪದಲ್ಲಿ ಹುಳು ಮೇಯುವ ಅಟ್ಟಣಿಗೆಗಳಿಗೆಲ್ಲ ರಪರಪನೆ ಹೊಡೆಯುವುದು. ಮನೆ ಉಳಿಸುವ ಅವಸರದಲ್ಲಿ ಹುಳು ಹೋದವು ಎಂದರೆ ಯಾರು ತಾನೆ ತಪ್ಪೆಂದಾರು?

ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ಕಡ್ಡಿ ಹೊತ್ತಿಕೊಂಡಿತು, ಹೊಗೆ ಅಲೀಪುರದವರೂ ಕೆಮ್ಮುವಷ್ಟು ಎದ್ದಿತು. ಗಂಗುಲಪ್ಪ “ಬೆಂಕೀ! ಬೆಂಕೀ!” ಎಂದು ಕೂಗುತ್ತ ಪೈಪು ಹಿಡಿದು ಒಳಗೆ ಹೋದವನು ಅಟ್ಟಣಿಗೆ ಅಟ್ಟಣಿಗೆಯನ್ನೂ ಜಾಲಾಡಿಸಿಬಿಟ್ಟ. ಬೆರಳು ಗಾತ್ರದ ಹುಳುಗಳು ರಾಶಿರಾಶಿಯಾಗಿ ಉದುರಿ ನೆಲದ ನೀರಿನಲ್ಲಿ ತೇಲಿದವು. ಕಿಟಕಿಯಿಂದ ಆಚೆಗೂ ಒಂದಿಷ್ಟು ನೀರು ಬಿಟ್ಟ, ಹೆಸರಿಗೆ. ಅಷ್ಟರಲ್ಲಿ ಊರವರು ಕೊಡ, ಬಕೆಟ್ಟು ಹಿಡಿದು ಓಡಿಬಂದು ಬೆಂಕಿ ಆರಿಸಿದರು.

“ಹುಳು ಹೋದ್ರೆ ಹೋಗ್ಲಿ, ಮನೆ ಉಳಿಸಿದ್ರಲ್ಲ ಭಾವ!” ಎಂದು ಆಂಜನಪ್ಪನ ಹೆಂಡತಿ ಲಕ್ಷ್ಮೀನರಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಿಂಗೊಂದು ಫ್ಲೆಕ್ಸ್ ಹಾಕಿಸ್ಬೇಕು ಕಣಣ್ಣ!” ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಗಂಗುಲಪ್ಪ ಬೇಡ ಬೇಡವೆನ್ನುತ್ತಲೇ, ಫೋಟೋಗೆ ಯಾವ ಅಂಗಿ ಹಾಕಿಕೊಳ್ಳುವುದೆಂದು ಯೋಚಿಸತೊಡಗಿದ.

ಸುದ್ದಿ ತಿಳಿದು ಸಬ್‌ಇನ್‌ಸ್ಪೆಕ್ಟರ್ ತನುಜ ಜೀಪಿನಲ್ಲಿ ಬಂದರು. ಕಡ್ಡಿರಾಶಿಯ ಬೂದಿ ಕೆದಕಿ, ಹುಳುಮನೆಯ ಬಾಗಿಲಿಗೆ ಬಂದು ಕೇಳಿದರು: “ನೀವು ಒಳಗೆ ಹೋಗಿದ್ದು ಹೇಗೆ ಯಜಮಾನ್ರೇ?”

“ಬಾಗಿಲು ಯಾವುದು, ಗೋಡೆ ಯಾವುದು ಅಂತ ನೋಡಿದ್ರೆ ತಾನೆ ಮೇಡಂ!” ಗಂಗುಲಪ್ಪ ಹೊಸ್ತಿಲ ಒಳಗೆ ಎದೆಯುಬ್ಬಿಸಿ ನಿಂತ. “ತೋಟದಲ್ಲಿ ಬರಿಗಾಲಲ್ಲಿದ್ದೆ, ಹಂಗೇ ಒಂದೇ ಓಟ. ಒಂದು ಗಳಿಗೆ ಎಲ್ಲಾದ್ರೂ ನಿಂತಿದ್ರೆ ಮನೆ ಬೂದಿ ಆಗ್ತಿತ್ತು. ಹುಳು ಸಾಯ್ತವೆ ಅಂತ ಯೋಚ್ನೆ ಮಾಡೋಕೂ ಪುರುಸೊತ್ತಿರಲಿಲ್ಲ!” ಸ್ವತಃ ಹತ್ತೊಂಬತ್ತನೇ ಸೆಕ್ಷನ್ನಿಗೇ ಬಾಯಿ ಬಂದು ಮಾತಾಡಿದ್ದರೂ ಇಷ್ಟು ಸೊಗಸಾಗಿ ಆಡುತ್ತಿರಲಿಲ್ಲ.

ಆಂಜನಪ್ಪ ಗುಂಪಿನಿಂದ ಮುಂದೆ ಬಂದ. “ಅಣ್ಣಾ,” ಎಂದ ಮೆಲ್ಲಗೆ, “ನಿನ್ನ ಕಾಲಲ್ಲಿರೋದು ನಮ್ಮವಳ ಚಪ್ಪಲಿ.” ತನುಜ ಅವರ ಕಣ್ಣೂ, ಊರವರ ಕಣ್ಣೂ ಒಟ್ಟಿಗೇ ಕೆಳಗಿಳಿದವು. ಗಂಗುಲಪ್ಪನೂ ಬಗ್ಗಿ ನೋಡಿದ. ಹುಳುಮನೆಯೊಳಗೆಂದೇ ಇಟ್ಟಿದ್ದ ಲಕ್ಷ್ಮೀನರಸಮ್ಮನ ನೀಲಿ ರಬ್ಬರ್ ಚಪ್ಪಲಿ, ಸಾಲದೆ ಅರ್ಧ ಹಿಮ್ಮಡಿ ಹೊರಗೆ. ಹೊಸ್ತಿಲಾಚೆ, ಸುಣ್ಣದ ತೊಟ್ಟಿಯ ಪಕ್ಕದಲ್ಲಿ, ಅವನ ತೊಗಲಿನ ಚಪ್ಪಲಿಗಳು ಮದುವೆ ಮನೆಯ ಮುಂದೆ ಬಿಟ್ಟಂತೆ ಜೋಡಿಯಾಗಿ, ಮೂತಿ ಹೊರಕ್ಕೆ ಮಾಡಿಕೊಂಡು ಕೂತಿದ್ದವು. ಅಷ್ಟೂ ಹುಳುಗಳನ್ನು ಕೊಲ್ಲಲು ಹೊರಟ ಮಹಾನುಭಾವ, ಅವಕ್ಕೆ ಸೋಂಕು ತಗುಲದಿರಲೆಂದು ಚಪ್ಪಲಿ ಬಿಟ್ಟು, ಕಾಲು ಅದ್ದಿ, ಒಳಗಿನ ಚಪ್ಪಲಿ ಮೆಟ್ಟಿಕೊಂಡೇ ಹೋಗಿದ್ದ.