ದಿಮ್ಮಿ ರೈಲಿನ ಮುರಿದ ಸೇತುವೆ

ಮುನಿಲಕ್ಷ್ಮಮ್ಮ ಅಮ್ಮಣ್ಣಿಯವರ ಎರಡೂ ಕಾಲು ಹಿಡಿದುಕೊಂಡು ಬಿಟ್ಟಿರಲಿಲ್ಲ. ಪಕ್ಕದ ಮನೆಯ ರಾಮಯ್ಯನವರು ಬೆಳಗಿನ ಕಾಫಿಗೆಂದು ಬಂದವರು, ಏನು ಮಾಡಬೇಕೋ ತೋಚದೆ ಹೊಸಿಲಲ್ಲೇ ನಿಂತರು.

"ನನ್ ಗಂಡ ಕೋಳಿ ಕುಯ್ಯೋಕೂ ಹಿಂದೇಟು ಹಾಕ್ತಾನೆ ತಾಯಿ. ಅವ್ನು ಮನುಷ್ಯನ್ನ ಕೊಲ್ತಾನಾ? ಗಲ್ಲಿಗೆ ಹಾಕ್ತಾರಂತೆ! ಮಕ್ಕಳನ್ನ ಕಟ್ಕೊಂಡು ನಾನು ಯಾವ ಬಾವಿಗೆ ಬೀಳ್ಲಿ?"

"ಮೊದಲು ಏಳು. ಅತ್ತರೆ ಲಾಕಪ್ಪಿನ ಬೀಗ ತೆಗೆಯಲ್ಲ" ಎಂದರು ಅಮ್ಮಣ್ಣಿ. ನರ್ಸ್ ಕೆಲಸದಿಂದ ನಿವೃತ್ತರಾದ ಅವರ ಮಾತು ಯಾವಾಗಲೂ ಹಾಗೆಯೇ, ಔಷಧಿ ಕುಡಿಸಿದಂತೆ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಅರವತ್ತರ ದಶಕದ ಆ ಮೊದಲ ವರ್ಷಗಳಲ್ಲಿ, ಪೊಲೀಸರು ಕೈಚೆಲ್ಲಿದ್ದನ್ನು ಜನ ಅವರ ಜಗಲಿಗೆ ತರುತ್ತಿದ್ದರು.

ನಡೆದದ್ದು ಇಷ್ಟು. ಜಯನಗರದ ಸೀತಮ್ಮನವರ ಒಬ್ಬನೇ ಮಗ ರಾಮಪ್ರಸಾದನಿಗೆ ಹಳೆಯ ರೈಲುಗಳ ಹುಚ್ಚು. ಕನಕಪುರದಾಚೆಯ ಕಾಡಿನಲ್ಲಿ ಹಿಂದೆ ಮರದ ದಿಮ್ಮಿ ಸಾಗಿಸಲು ಹಾಕಿದ್ದ ಸಣ್ಣ ಹಳಿಗಳಿವೆ, ಒಂದು ಮುರಿದ ಸೇತುವೆಯೂ ಇದೆ ಎಂದು ಅವನಿಗೆ ಗೊತ್ತಾಗಿತ್ತು. ದಾರಿ ತೋರಿಸಲು ಮುನಿಲಕ್ಷ್ಮಮ್ಮನ ಗಂಡ, ಸುದ್ದಗುಂಟೆಪಾಳ್ಯದ ಬೈರಣ್ಣನನ್ನು ಕರೆದುಕೊಂಡ. ಆಫೀಸಿನ ಗೆಳೆಯ, ವಿಲ್ಸನ್ ಗಾರ್ಡನ್ನಿನ ಸೋಮಲಿಂಗಪ್ಪನೂ ಹೊರಟ. ಆಯುಧಪೂಜೆಯ ರಜೆಯ ದಿನ ಮೂವರು ಮೊದಲ ಬಸ್ಸು ಹತ್ತಿದರು. ಸೇತುವೆಯ ಬುಡ ನೋಡಲು ರಾಮಪ್ರಸಾದ ಹಗ್ಗ ಕಟ್ಟಿಕೊಂಡು ಕಮರಿಗೆ ಇಳಿದ. ಹಗ್ಗವನ್ನು ಯಾರೋ ಕಡಿದರು. ಅವನು ಹೆಣವಾಗಿ ಮೇಲೆ ಬಂದ.

ಅಮ್ಮಣ್ಣಿ, ರಾಮಯ್ಯನವರು ಸ್ಟೇಷನ್ನಿಗೆ ಹೋದಾಗ ಸಬ್ ಇನ್ಸ್‌ಪೆಕ್ಟರ್ ಸಿದ್ದಲಿಂಗಯ್ಯನವರಿಗೆ ಅನುಮಾನವೇ ಇರಲಿಲ್ಲ. "ಸೋಮಲಿಂಗಪ್ಪ ಕಣ್ಣಾರೆ ನೋಡಿದ್ದಾರಮ್ಮ. ಕಾಲಲ್ಲಿ ಬೊಬ್ಬೆ ಎದ್ದು ಹಿಂದೆ ಕೂತಿದ್ರಂತೆ. ಕಿರುಚಿದ್ದು ಕೇಳಿ ಓಡಿ ಬಂದ್ರೆ, ಬೈರಣ್ಣ ಮಚ್ಚು ಹಿಡ್ಕೊಂಡು ನಿಂತಿದ್ದ. ಇವನಪ್ಪ ಅದೇ ರೈಲಲ್ಲಿ ಬ್ರೇಕ್ ಹಿಡಿಯೋನು. ಸೇತುವೆ ಬಿದ್ದು ಕೂಲಿಗಳು ಸತ್ರು, ಇವನಪ್ಪಂದೇ ತಪ್ಪು ಅಂತಾಯ್ತು, ಆ ಮುದುಕ ಜೈಲಲ್ಲೇ ಸತ್ತ. ಹಳೇ ರಾಡಿ ಕೆದಕಬಾರದು ಅಂತ ಇವನು ಮುಗಿಸಿದಾನೆ. ಸೋಮವಾರ ಕೋರ್ಟಿಗೆ ಹಾಕ್ತೀವಿ."

ಮೇಜಿನ ಮೇಲಿದ್ದ ಮಚ್ಚನ್ನು ಅಮ್ಮಣ್ಣಿ ಬೆಳಕಿಗೆ ಹಿಡಿದು ನೋಡಿದರು. ಅಲಗು ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಕಂಬಿಗಳ ಹಿಂದೆ ಕೂತಿದ್ದ ಬೈರಣ್ಣನ ಅಂಗೈ ತುಂಬ ಮುಳ್ಳು ಗೀರಿದ ಗಾಯಗಳು.

"ಹೊಡೆದಾಟದ ಗುರುತು" ಎಂದರು ಸಿದ್ದಲಿಂಗಯ್ಯ.

"ನೀರು ತರಕ್ಕೆ ಹಳ್ಳಕ್ಕೋಗಿದ್ದೆ ಅಮ್ಮ. ಬರೋ ಹೊತ್ಗೆ ಎಲ್ಲಾ ಮುಗ್ದೋಗಿತ್ತು. ಆ ಮಚ್ಚು ನಂದಲ್ಲ" ಎಂದ ಬೈರಣ್ಣ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ, ಇವನ ಕೈಗೆ ಅದೂ ಇಲ್ಲವಲ್ಲ ಎನಿಸಿತು ರಾಮಯ್ಯನವರಿಗೆ.

ಬೈರಣ್ಣನ ಮನೆಯ ಮೂಲೆಯಲ್ಲಿ ಗುದ್ದಲಿ, ಕುಡುಗೋಲು, ಒಂದು ಹಳೆಯ ಮಚ್ಚು ಸಾಲಾಗಿ ಒರಗಿದ್ದವು. ಕುಂಕುಮ ಒಣಗಿ ಬಿರಿದಿತ್ತು, ಚೆಂಡುಹೂ ಬಾಡಿತ್ತು. "ಪೂಜೆಗಿಟ್ಟದ್ದು, ಯಜಮಾನ ಬಂದೇ ತೆಗೀಬೇಕು" ಎಂದಳು ಮುನಿಲಕ್ಷ್ಮಮ್ಮ. ಅಲ್ಲಿಂದ ವಿಲ್ಸನ್ ಗಾರ್ಡನ್ನಿಗೆ ಹೋದರೆ, ಸೋಮಲಿಂಗಪ್ಪ ಮರ್ಯಾದೆಯಿಂದಲೇ ಕೂರಿಸಿದ. ಗೋಡೆಯಲ್ಲಿ ಗಂಧದ ಹಾರ ಹಾಕಿದ ದೊಡ್ಡ ಪಟವಿತ್ತು. "ನಮ್ಮ ತಂದೆ ಶಂಭುಲಿಂಗಪ್ಪನವರು. ದೊಡ್ಡ ಕಂಟ್ರಾಕ್ಟರ್. ಅವರು ಕಟ್ಟಿದ ಸೇತುವೆಗಳು ಇವತ್ತಿಗೂ ನಿಂತಿವೆ" ಎಂದ.

ಮರುದಿನ ಕಾಡು. ಸಿದ್ದಲಿಂಗಯ್ಯನವರು ಗೊಣಗುತ್ತಲೇ ಜೀಪು ಹೊರಡಿಸಿದರು, ಕಾನ್‌ಸ್ಟೇಬಲ್ ಒಬ್ಬ ದಾರಿ ತೋರಿಸಿದ. ಅರ್ಧ ದಾರಿಯಲ್ಲೇ ರಾಮಯ್ಯನವರ ಮೊಣಕಾಲು ನೋಯತೊಡಗಿತು. ಮನೆಯಲ್ಲಿ ಬೆಚ್ಚಗೆ ಪೇಪರ್ ಓದುವುದು ಬಿಟ್ಟು ಈ ಮುಳ್ಳುಕಂಟಿಯಲ್ಲಿ ತನಗೇನು ಕೆಲಸ? ಆದರೆ ಅಮ್ಮಣ್ಣಿಯವರೇ ಮುಂದೆ ನಡೆದಿದ್ದರಿಂದ ಬಾಯಿ ಬಿಡುವಂತಿರಲಿಲ್ಲ. ಲಂಟಾನದ ನಡುವೆ ಒಬ್ಬರು ನುಸುಳುವಷ್ಟು ದಾರಿ. ಅಮ್ಮಣ್ಣಿ ಪ್ರತಿ ಪೊದೆಯನ್ನೂ ನಿಂತು ನೋಡುತ್ತಿದ್ದರು.

"ಏನು ಕಾಣುತ್ತೆ ರಾಮಯ್ಯನವರೇ?"

"ಮುರಿದ ಕೊಂಬೆ. ಬಗ್ಗಿಸಿ ಒಂದಕ್ಕೊಂದು ಸಿಕ್ಕಿಸಿದ ಬಳ್ಳಿ. ಇನ್ನೇನಿದೆ?"

"ಇಲ್ಲದೇ ಇರೋದನ್ನೂ ನೋಡಿ."

ತುಕ್ಕು ಹಿಡಿದ ಹಳಿಗಳ ಮಧ್ಯೆ ತೋಳಿನಷ್ಟು ದಪ್ಪದ ಮರಗಳು ಬೆಳೆದಿದ್ದವು. ಕಮರಿಯಂಚಿನಲ್ಲಿ ಹಳಿ ಗಾಳಿಗೆ ಚಾಚಿ ನಿಂತುಬಿಟ್ಟಿತ್ತು. ಕಾನ್‌ಸ್ಟೇಬಲ್ ಸುತ್ತು ಬಳಸಿ ಕೆಳಗಿಳಿದು, ಬಿದ್ದ ಕಬ್ಬಿಣದ ತೊಲೆಯ ತೂತಿನಿಂದ ಏನನ್ನೋ ಕಿತ್ತು ತಂದ. ಅಮ್ಮಣ್ಣಿ ಅದನ್ನು ಕೈಚೀಲಕ್ಕೆ ಹಾಕಿಕೊಂಡರು.

ಭಾನುವಾರ ಸೀತಮ್ಮನವರ ನಡುಮನೆಯಲ್ಲಿ ಎಲ್ಲರೂ ಸೇರಿದರು. ಬೈರಣ್ಣನ ಕೈಗೆ ಬೇಡಿ. ಸೀತಮ್ಮ ಅವನ ಕಡೆ ತಿರುಗಿಯೂ ನೋಡದೆ ಗೋಡೆಗೆ ಮುಖ ಮಾಡಿ ಕೂತಿದ್ದರು.

"ಸೋಮಲಿಂಗಪ್ಪನವರೇ, ಆ ಪೊದೆಗಳಲ್ಲಿ ದಾರಿ ಹೇಗೆ ಮಾಡಿಕೊಂಡ್ರಿ?" ಎಂದು ಕೇಳಿದರು ಅಮ್ಮಣ್ಣಿ.

"ಬೈರಣ್ಣ ಮಚ್ಚಲ್ಲಿ ಕಡೀತಾ ಮುಂದೆ ಹೋದ. ಬೆಳಗಿಂದ ಅವನ ಕೈಲೇ ಇತ್ತು."

"ದಾರಿಯಲ್ಲಿ ಮಚ್ಚಿನ ಏಟು ಬಿದ್ದ ಒಂದು ಕಡ್ಡಿಯೂ ಇಲ್ಲ. ಎಲ್ಲಾ ಕೈಯಲ್ಲಿ ಮುರಿದದ್ದು, ಬಗ್ಗಿಸಿದ್ದು. ಅದಕ್ಕೇ ಇವನ ಅಂಗೈ ಹಾಗಾಗಿದೆ. ಮಚ್ಚಿದ್ದೋನು ಮುಳ್ಳಿಗೆ ಯಾಕೆ ಕೈ ಹಾಕ್ತಾನೆ? ಆ ಮಚ್ಚಿಗೂ ಒಂದು ಹನಿ ಸೊನೆ ಅಂಟಿಲ್ಲ, ಅಂಗಡಿ ಎಣ್ಣೆ ಹಾಗೇ ಇದೆ."

ಸೋಮಲಿಂಗಪ್ಪ ಏನೋ ಹೇಳಲು ಹೋದ. ಅಮ್ಮಣ್ಣಿ ಬಿಡಲಿಲ್ಲ.

"ನೀವು ಹೊರಟ ದಿನ ಆಯುಧಪೂಜೆ. ನಿಮಗದು ಆಫೀಸಿನ ರಜೆ. ಅವತ್ತು ಹೊಲದವರ ಮನೇಲಿ ಕಬ್ಬಿಣ ದೇವರು. ಕುಂಕುಮ ಇಟ್ಟ ಮೇಲೆ ಮಾರನೇ ದಿನದವರೆಗೂ ಬೈರಣ್ಣ ಯಾವ ಹತ್ಯಾರವನ್ನೂ ಮುಟ್ಟಲ್ಲ. ಅದಕ್ಕೇ ಬರಿಗೈಲಿ ಬಂದ. ಮೂವರಲ್ಲಿ ಒಬ್ಬ ಸತ್ತ, ಒಬ್ಬ ಬರಿಗೈ. ಮಚ್ಚು ಯಾರ ಚೀಲದಲ್ಲಿತ್ತು?"

"ನನಗೆ ರಾಮಪ್ರಸಾದನ ಮೇಲೆ ಏನು ದ್ವೇಷ?"

ಅಮ್ಮಣ್ಣಿ ಚೀಲದಿಂದ ಟಾರು ಬಳಿದ ಒಂದು ಮರದ ಗೂಟ ತೆಗೆದು ನೆಲದ ಮೇಲಿಟ್ಟರು.

"ಕಬ್ಬಿಣದ ಬೋಲ್ಟ್ ಇರಬೇಕಾದ ತೂತಲ್ಲಿ ಇದಿತ್ತು. ಸೇತುವೆ ಬಿದ್ದದ್ದು ಬ್ರೇಕಿನಿಂದಲ್ಲ, ಈ ಗೂಟಗಳಿಂದ. ರಾಮಪ್ರಸಾದ ನೋಡಲು ಇಳಿದದ್ದು ಇದನ್ನೇ. ಅವನು ಮೇಲೆ ಬಂದಿದ್ರೆ ಬೈರಣ್ಣನ ಅಪ್ಪನ ಕಳಂಕ ತೊಳೆದುಹೋಗ್ತಿತ್ತು, ಬೈರಣ್ಣ ಅವನನ್ನ ಕೊಲ್ಲೋದುಂಟೇ? ಸೋಮಲಿಂಗಪ್ಪನವರೇ, ಆ ಸೇತುವೆ ಕಟ್ಟಿದ ಕಂಟ್ರಾಕ್ಟರ್ ಯಾರು? ಸರ್ಕಾರದ ಕಡತ ತೆಗೆಸೋಕೆ ಇನ್ಸ್‌ಪೆಕ್ಟರಿಗೆ ಒಂದು ದಿನ ಸಾಕು."

ಸೋಮಲಿಂಗಪ್ಪ ಗೂಟವನ್ನು ನೋಡಿದ, ಬಾಗಿಲನ್ನು ನೋಡಿದ. ಬಾಗಿಲಲ್ಲಿ ಸಿದ್ದಲಿಂಗಯ್ಯ ನಿಂತಿದ್ದರು.

"ನಮ್ಮಪ್ಪ ಸತ್ತ ದಿನ ವಿಲ್ಸನ್ ಗಾರ್ಡನ್ನೇ ಅಂಗಡಿ ಮುಚ್ಚಿತ್ತು" ಎಂದ ಕೊನೆಗೆ. "ಅವರನ್ನ ಕೊಲೆಗಾರ ಅಂತಾರೆ ಅಂದ್ರೆ... ಇಳೀಬೇಡ ಅಂತ ಬೇಡಿಕೊಂಡೆ. ಅವನು ಕೇಳಲಿಲ್ಲ."

ಬೇಡಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಮುನಿಲಕ್ಷ್ಮಮ್ಮ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿದಳು. ರಾಮಯ್ಯನವರಿಗೆ ಗೆದ್ದ ಸಂತೋಷ ಬರಲೇ ಇಲ್ಲ. ಹೋದ ಹುಡುಗ ಬರುತ್ತಾನೆಯೇ?

ಬೈರಣ್ಣ ಹೊರಡಲು ಎದ್ದಾಗ ಸೀತಮ್ಮ ಮೊದಲ ಬಾರಿಗೆ ಅವನತ್ತ ತಿರುಗಿದರು.

"ಹಳ್ಳದ ಹತ್ತಿರ ನಿನಗೇನಾದ್ರೂ ಕೇಳಿಸ್ತೇನಪ್ಪಾ? ಅವನು ಕೊನೇಲಿ ಏನಾದ್ರೂ ಅಂದನಾ?"

ಇಷ್ಟು ದಿನ ಇದನ್ನು ಯಾರೂ ಅವನನ್ನು ಕೇಳಿರಲಿಲ್ಲ. ಪೊಲೀಸರು ಕೇಳಿದ್ದು ಬರೀ ಮಚ್ಚಿನ ವಿಷಯ.

"ಕಿರುಚೋಕ್ ಮುಂಚೆ ಒಂದ್ ಕೂಗು ಕೇಳಿಸ್ತಮ್ಮ. 'ಬೈರಣ್ಣಾ, ನಿಮ್ಮಪ್ಪಂದು ತಪ್ಪಿಲ್ಲ ಕಣಯ್ಯಾ' ಅಂದ್ರು. ಖುಸಿಯಾಗಿ ಕೂಗಿದ್ರು."

"ಖುಷಿಯಾಗಿದ್ನಾ?"

"ಊಂ, ಅಮ್ಮ."

ಸೀತಮ್ಮ ಅವನ ಗಾಯದ ಕೈ ಹಿಡಿದುಕೊಂಡರು. "ಅವನು ಹೇಗೆ ಕೂಗಿದ್ನೋ, ಹಾಗೇ ಇನ್ನೊಂದು ಸಲ ಕೂಗಪ್ಪಾ. ನಾನು ಕೇಳಬೇಕು."

ಬೈರಣ್ಣ ಒಮ್ಮೆ ಹೆಂಡತಿಯ ಮುಖ ನೋಡಿದ. ಆಮೇಲೆ ಕಣ್ಣು ಮುಚ್ಚಿ, ಆ ನಡುಮನೆ ತುಂಬುವಂತೆ, ತನ್ನ ಹೆಸರನ್ನೇ ತಾನು ಕೂಗಿದ.