ಕಾಲಿಗೆ ಕಟ್ಟಿದ ಫೋನು

“ಮೇಡಂ, ಸೊಂಟದಲ್ಲಿ ಎರಡು ಇಂಚು ಹಿಡೀಬೇಕು.”

ಹೊಲಿಗೆ ಮಿಷನ್ ತುಳಿಯುತ್ತಿದ್ದವಳು ತಲೆ ಎತ್ತಿದಳು. ಪಕ್ಕದ ಬೀದಿಯ ಕನ್ನಡಕದ ಅಂಗಡಿಯವನು, ಕೈಯಲ್ಲಿ ಮೂರು ಪ್ಯಾಂಟು. ಇಬ್ಬರಿಗೂ ಮುಖಪರಿಚಯ ಅಷ್ಟೇ.

“ಇಷ್ಟು ಇಳಿದುಬಿಟ್ಟಿದ್ದೀರಲ್ಲ, ಹುಷಾರಿರಲಿಲ್ವಾ?”

“ಈಗಲೇ ಹುಷಾರಾಗಿರೋದು! ಫೋನಲ್ಲಿ ಒಂದು ಆ್ಯಪ್ ಇದೆ. ಹೆಜ್ಜೆ ಎಣಿಸುತ್ತೆ, ಊಟದ ತಟ್ಟೆ ಫೋಟೋ ಕೇಳುತ್ತೆ, ಗುರುತಿಲ್ಲದ ಒಬ್ಬರನ್ನ ಜೋಡಿ ಹಾಕುತ್ತೆ. ನನ್ನ ಜೋಡಿ ಹೆಸರು ಚಿಗರೆ. ದಿನಕ್ಕೆ ಹದಿನೆಂಟು ಸಾವಿರ ಹೆಜ್ಜೆ! ನಾನು ಆಮೆ. ಅವರನ್ನ ಹಿಡಿಯೋಕೆ ಹೋಗಿ ಹೀಗಾದೆ.”

ಮಿಷನ್ ಗಕ್ಕನೆ ನಿಂತಿತು. ಮೇಜಿನ ಕೆಳಗೆ, ಅವಳ ಬಲಗಾಲಿಗೆ, ಎಲಾಸ್ಟಿಕ್ ಪಟ್ಟಿಯಲ್ಲಿ ಚಿಗರೆಯ ಫೋನು ಕಟ್ಟಿತ್ತು.

ಇದಕ್ಕೆಲ್ಲ ಕಾರಣ ಅವಳ ಅತ್ತಿಗೆ. ಅತ್ತಿಗೆ ನರ್ಸು. ಮೂರು ತಿಂಗಳ ಹಿಂದೆ ನಾದಿನಿಯ ರಕ್ತ ಪರೀಕ್ಷೆ ಮಾಡಿಸಿ, ಶುಗರ್ ಗಡಿಯಲ್ಲಿದೆ ಎಂದು ಗದರಿ, ತಾನೇ ಆ್ಯಪ್ ಹಾಕಿಕೊಟ್ಟಿದ್ದಳು. ಪ್ರತಿ ಭಾನುವಾರ ಹೆಜ್ಜೆಗಳ ತಪಾಸಣೆ ಬೇರೆ. ಹತ್ತು ಗಂಟೆ ಹೊಲಿಯುವವಳು ಎಲ್ಲಿ ನಡೆಯಬೇಕು? ಅತ್ತಿಗೆ ಚಾಪೆ ಕೆಳಗೆ ತೂರಿದರೆ ನಾದಿನಿ ರಂಗೋಲಿ ಕೆಳಗೆ ತೂರಿದಳು. ಕಾಲಿಗೆ ಫೋನು ಕಟ್ಟಿ ತುಳಿದರೆ ಆಯಿತು, ಹೆಜ್ಜೆಗಳೋ ಹೆಜ್ಜೆಗಳು. ಆ ಲೆಕ್ಕ ನಂಬಿ ಯಾರೋ ಒಬ್ಬ ನಿಜಕ್ಕೂ ನಡೆದಾನು ಎಂದು ಅವಳಿಗೆ ಹೊಳೆದಿರಲಿಲ್ಲ.

ಹೊಳೆದಿರಲಿಲ್ಲ, ಸರಿ. ಆದರೆ ಆಮೆಯ ಮೆಸೇಜಿಗೆ ಕಾಯುವುದು ಮಾತ್ರ ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ‘ಇವತ್ತು ಹಾಗಲಕಾಯಿ ತಿಂದೆ, ಶಹಭಾಸ್ ಅನ್ನಿ.’ ‘ಚಿಗರೆ, ಸ್ವಲ್ಪ ನಿಲ್ಲಿ, ನಾನೂ ಬಂದೆ.’ ಇಂಥವನ್ನು ಓದಿ ಒಬ್ಬಳೇ ನಗುವಳು. ಇವತ್ತು ಬೆಳಗ್ಗೆ ಬಂದದ್ದನ್ನು ಓದಿದ ಮೇಲೆ ನಗುವೂ ಇಲ್ಲ, ಕೆಲಸವೂ ಓಡಲಿಲ್ಲ.

“ಭಾನುವಾರ ಕೆರೆ ಹತ್ರ ಸಿಗೋಣ್ವಾ ಅಂತ ಕೇಳಿದೀನಿ,” ಆತ ಕನ್ನಡಕದ ಮೇಲಿಂದ ಅವಳನ್ನು ನೋಡಿ, ನಾಚಿ, ಕತ್ತರಿಯ ಕಡೆ ನೋಡಿದ. “ಉತ್ತರಾನೇ ಇಲ್ಲ. ಆಮೆ ಜೊತೆ ಯಾಕೆ ಅಂತಿರಬೇಕು.”

“ಶನಿವಾರ ಬನ್ನಿ,” ಎಂದಳು.

ಆಮೇಲಿನ ಮೂರು ದಿನ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಒಂದು ರವಿಕೆಗೆ ಎಡತೋಳು ಎರಡು ಹೊಲಿದಳು. ಹೇಳಿದರೆ ಅವನು ಹೋಗುತ್ತಾನೆ. ಹೇಳದಿದ್ದರೆ ಇರುವವನು ತನ್ನವನಲ್ಲ, ಚಿಗರೆಯವನು. ಮೊದಲ ದಿನವೇ ಫೋನು ಬಿಚ್ಚಿ ಕಿಟಕಿಯಲ್ಲಿಟ್ಟಳು. ಅಂದಿನ ಹೆಜ್ಜೆ ಆರುನೂರ ಹನ್ನೊಂದು.

‘ಹುಷಾರಿಲ್ವಾ?’ ಎಂದು ಆಮೆ ಕೇಳಿದ. ಮರುದಿನ, ‘ನಾನೇನಾದ್ರೂ ತಪ್ಪು ಕೇಳಿದ್ನಾ? ಬೇಡ ಅಂದ್ರೆ ಬೇಡ.’ ಶುಕ್ರವಾರ ಅವನ ಹೆಜ್ಜೆಯೂ ಇಳಿದು ನಾನೂರಕ್ಕೆ ಬಂತು. ಅದನ್ನು ನೋಡಿ ಅವಳಿಗೆ ಅಳು ಬಂತು.

ಶನಿವಾರ ಆತ ಬಂದಾಗ ಗಡ್ಡ ಬಂದಿತ್ತು. ಪ್ಯಾಂಟಿಗೆ ಕೈ ಚಾಚಿದ.

“ಒಂದು ನಿಮಿಷ,” ಎಂದು ಅವಳು ಫೋನನ್ನು ಕಾಲಿಗೆ ಕಟ್ಟಿದಳು. ಮಿಷನ್ ತುಳಿಯತೊಡಗಿದಳು, ಸೂಜಿಯಡಿ ಬಟ್ಟೆಯೇ ಇಲ್ಲದೆ. ಎರಡು ನಿಮಿಷಕ್ಕೆ ಅವನ ಜೇಬು ಕೂಗಿತು. ಆತ ಫೋನು ತೆಗೆದು ಓದಿದ: ‘ನಿಮ್ಮ ಜೋಡಿ ಚಿಗರೆ ನಡೆಯುತ್ತಿದ್ದಾರೆ!’

ಆತ ಪರದೆ ನೋಡಿದ. ಅವಳ ಕಾಲು ನೋಡಿದ. ಮತ್ತೆ ಪರದೆ ನೋಡಿದ.

“ಮೂರು ತಿಂಗಳು ನನ್ನ ಮಂಡಿ ಸವೆಸಿದ್ದು ಈ ಮಿಷನ್ನಾ?”

“ಹೆಜ್ಜೆ ಸುಳ್ಳು,” ಅವಳು ತುಳಿಯುವುದನ್ನು ನಿಲ್ಲಿಸಿದಳು. “ನಿಮ್ಮ ಮೆಸೇಜಿಗೆ ಕಾದಿದ್ದು ಸುಳ್ಳಲ್ಲ.”

ಆತ ಪ್ಯಾಂಟುಗಳನ್ನು ಮಡಚಿಕೊಂಡು ಹೊರಟೇಹೋದ. ಅವಳು ಮಿಷನ್ನಿನ ಮೇಲೆ ತಲೆಯಿಟ್ಟಳು. ಎಷ್ಟು ಹೊತ್ತೋ, ಕಾಲಲ್ಲಿ ಫೋನು ಗುಂಯ್ ಎಂದಿತು.

‘ನಾಳೆ ಬೆಳಗ್ಗೆ ಆರಕ್ಕೆ ಕೆರೆ ಹತ್ರ. ಮಿಷನ್ ಅಂಗಡೀಲೇ ಬಿಟ್ಟು ಬನ್ನಿ.’

ಕೆರೆಯ ಅರ್ಧ ಸುತ್ತಿಗೇ ಅವಳ ಜೀವ ಬಾಯಿಗೆ ಬಂತು. ಕಲ್ಲುಬೆಂಚಿನ ಮೇಲೆ ಧೊಪ್ಪನೆ ಕೂತಳು.

“ನೀವು ಹೋಗಿ, ನಿಮ್ಮ ಲೆಕ್ಕ ಕೆಡುತ್ತೆ.”

“ಮೂರು ತಿಂಗಳು ನಿಮ್ಮ ಹಿಂದೆ ಓಡಿದ್ದೀನಿ,” ಆತ ಪಕ್ಕದಲ್ಲೇ ಕೂತ. “ಸಿಕ್ಕ ಮೇಲೂ ಓಡಬೇಕಾ?”

ಅವಳು ನಕ್ಕಳು. ಆತ ಅವಳ ಕೈ ಹಿಡಿದುಕೊಂಡ, ಅವಳು ಬಿಡಿಸಿಕೊಳ್ಳಲಿಲ್ಲ. ಅವರು ಬಹಳ ಹೊತ್ತು ಅಲ್ಲೇ ಕೂತಿದ್ದರು.

ಸಂಜೆ ತಪಾಸಣೆಗೆ ಕೂತ ಅತ್ತಿಗೆ ಹೌಹಾರಿದಳು. “ಎರಡು ಸಾವಿರದ ನೂರು? ಇದೇನೇ, ನಡೆಯೋದನ್ನೇ ಬಿಟ್ಟುಬಿಟ್ಯಾ?”

“ಇಲ್ಲ ಅತ್ತಿಗೆ,” ಎಂದಳು ಅವಳು, ಬಾಗಿಲಲ್ಲಿ ಶೂ ಒರೆಸುತ್ತ. “ಇವತ್ತು ಶುರು ಮಾಡಿದೆ.”