ಇಸ್ತ್ರಿ ಮಾಡಿದ ಗರಿ

“ಹೋದ ವರ್ಷ ಒಂದು ಗರಿ ಶಿಲುಬೆ ಕೊಟ್ಟಿದ್ನಲ್ಲ, ಐತಾ? ವಾಪಸ್ ಬೇಕಿತ್ತು.”

ಚೈತ್ರಾಳ ಹೊಲಿಗೆ ಯಂತ್ರ ಥಟ್ಟನೆ ನಿಂತಿತು.

ಅಂಗಡಿ ಬಾಗಿಲಲ್ಲಿ ಲಾರೆನ್ಸ್! ಚಿಕ್ಕಜಾಜೂರಿನಲ್ಲಿ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನವನು. ಹೋದ ವರ್ಷ ಗರಿಗಳ ಭಾನುವಾರ, ಚರ್ಚಿನಲ್ಲಿ ಕೊಟ್ಟ ತೆಂಗಿನ ಗರಿಯಲ್ಲಿ ಪುಟ್ಟ ಶಿಲುಬೆ ಹೆಣೆದು ತಂದು, “ಇಟ್ಕಾ” ಎಂದಷ್ಟೇ ಹೇಳಿ ಓಡಿಹೋಗಿದ್ದ. ಆ ಒಂದು ಮಾತನ್ನೇ ನೆಚ್ಚಿಕೊಂಡು ಅವಳು ವರ್ಷ ಕಳೆದಿದ್ದಳು.

“ಯಾಕೆ...?”

“ಚರ್ಚಿಗೆ ಕೊಡಬೇಕು. ನಾಳೆ ಬೆಳಿಗ್ಗೆ ಬರ್ತೀನಿ, ಮರಿಬ್ಯಾಡ!”

ಗ್ಯಾಂಗಿನವರು ಕೂಗಿದರು. ಅವನು ಓಡಿದ.

ಚರ್ಚಿನವರ ಪದ್ಧತಿ ಇವಳಿಗೇನು ಗೊತ್ತು? ತಮ್ಮ ಕಡೆ ನಿಶ್ಚಯ ಮುರಿದಾಗ ಕೊಟ್ಟ ಸೀರೆ ವಾಪಸ್ ಕೇಳುತ್ತಾರೆ. ಅದಷ್ಟೇ ಗೊತ್ತು.

‘ಹಾಗಾದರೆ... ಮುಗಿಯಿತಾ? ಶುರುವೇ ಆಗಿರಲಿಲ್ಲವಲ್ಲ!’

ಮನೆಗೆ ಬಂದರೆ ಅವ್ವ ಏಕಾಂತಮ್ಮ ಕಾದು ಕೂತಿದ್ದಳು.

“ಲೇ ಚೈತ್ರಾ, ಆದಿವಾಲದ ಗಂಡಿನ ಕಡೆಯೋರು ಗುರುವಾರ ಬರ್ತಾರಂತೆ. ಬರ್ರಿ ಅನ್ಲಾ, ಬ್ಯಾಡ ಅನ್ಲಾ?”

ಯಾರ ಹೆಸರು ಹೇಳಿ ಬೇಡ ಅನ್ನಬೇಕು?

“ಬರ್ಲಿ ಬಿಡವ್ವ...”

ಆದರೆ ಶಿಲುಬೆ ಕೊಡಲು ಮಾತ್ರ ಕೈ ಬರಲಿಲ್ಲ. ಹಿತ್ತಲ ತೆಂಗಿನ ಗರಿ ಸೀಳಿ, ಅದೇ ಅಳತೆಗೆ ಇನ್ನೊಂದು ಹೆಣೆದಳು. ಹಸಿರು ಬಾಡಿ ಹಳೆಯದರಂತೆ ಕಾಣಲಿ ಎಂದು ಬಟ್ಟೆ ಹಾಕಿ ಮತ್ತೆ ಮತ್ತೆ ಇಸ್ತ್ರಿ ಮಾಡಿದಳು. ಬೆಳಿಗ್ಗೆ ಅದನ್ನೇ ಕೊಟ್ಟು, ಮುಖ ತಿರುಗಿಸಿದಳು.

ಬುಧವಾರ ಅವನು ಮತ್ತೆ ಬಂದ. ಹಣೆಯ ಮೇಲೆ ಕಪ್ಪು ಬೂದಿ!

“ಅಯ್ಯೋ! ಯಾರು ಹೋದ್ರು?”

“ಯಾರೂ ಹೋಗಿಲ್ಲ ಕಣೆ!” ಲಾರೆನ್ಸ್ ನಕ್ಕ. “ಇವತ್ತು ವಿಭೂತಿ ಬುಧವಾರ. ಹೋದ ವರ್ಷದ ಗರಿ ಸುಟ್ಟು, ಆ ಬೂದೀನ ಫಾದರ್ ಹಣೆಗೆ ಹಚ್ತಾರೆ. ಇನ್ನು ಈಸ್ಟರ್ ತನಕ ಉಪವಾಸ. ನಮ್ಮನೆ ಗರಿ ಬೇಕಾದಷ್ಟಿದ್ವು. ಆದ್ರೂ... ವರ್ಷವೆಲ್ಲ ನೀನು ಇಟ್ಕಂಡಿದ್ದು ನನ್ನ ಹಣೆ ಮ್ಯಾಲೆ ಇರ್ಲಿ ಅಂತ ಆಸೆ ಆತು.”

ಚೈತ್ರಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಇಷ್ಟು ದಿನ ಇದನ್ನ ಹೇಳಾಕೆ ಏನಾಗಿತ್ತು ನಿಂಗೆ?”

“ಧೈರ್ಯ ಇರ್ಲಿಲ್ಲ. ಉಪವಾಸದ ದಿನದಾಗೆ ನಮ್ಮಲ್ಲಿ ಮದುವೆ ಮಾಡಲ್ಲ, ನಿಮ್ಮ ಆಷಾಢ ಇದ್ದಂಗೆ. ಈಸ್ಟರ್ ಆದ್ಮ್ಯಾಲೆ ನಿಮ್ಮಪ್ಪನ್ನ ಕೇಳಾಣ ಅಂತಿದ್ದೆ.”

“ಈಸ್ಟರ್‌ಗೆ? ನಾಳೆ ಆದಿವಾಲದೋರು ನನ್ನ ನೋಡಾಕೆ ಬರ್ತಾ ಅವ್ರೆ!”

“ಬರ್ಲಿ ಅಂದೋರ್ಯಾರು?”

“ನಾನೇ... ನೀನು ವಾಪಸ್ ಕೇಳಿದ್ಯಲ್ಲ!”

ಅವನ ನಗು ಮಾಯವಾಯಿತು.

“ಮದುವೆ ಮಾಡಬಾರದು ಅಂದಾರೆ. ಮಾತಾಡಬಾರದು ಅಂತ ಯಾರೂ ಅಂದಿಲ್ಲ. ನಡಿ, ಈಗ್ಲೇ ನಿಮ್ಮಪ್ಪನ ಹತ್ರ ಹೋಗಾಣ.”

“ಹಣೆಗೆ ಬೂದಿ ಬಳ್ಕಂಡು?”

“ಒರೆಸಲ್ಲ. ಇದು ನಿನ್ನ ಗರಿ.”

ಚೈತ್ರಾ ಮೆಲ್ಲಗೆ ಯಂತ್ರದ ಡ್ರಾಯರ್ ಎಳೆದಳು. ದಾರದ ಉಂಡೆಗಳ ನಡುವೆ ಹಳೆಯ ಶಿಲುಬೆ ಹಾಗೇ ಇತ್ತು.

“ನೀನು ಕೊಟ್ಟಿದ್ದು ಇಲ್ಲೈತೆ... ಸುಟ್ಟಿದ್ದು ನಾನು ಹೆಣೆದು ಇಸ್ತ್ರಿ ಮಾಡಿದ್ದು.”

ಅವನ ಬೆರಳು ತಾನಾಗಿ ಹಣೆಗೆ ಹೋಯಿತು.

“ಅಂದ್ರೆ... ಇದು ನೀನೇ ಕೈಯಾರೆ ಹೆಣೆದ ಗರಿ?”

“ಹೂಂ... ಸಿಟ್ಟಾ?”

“ಇನ್ನು ಮುಖಾನೇ ತೊಳಿಯಲ್ಲ ಹೋಗು!”

“ತೊಳ್ಕಳೋ ಮಾರಾಯ, ನಮ್ಮಪ್ಪ ಹೆದರ್ಕಂತಾನೆ!”

ಕಣ್ಣೊರೆಸಿಕೊಳ್ಳುತ್ತಲೇ ಅವಳು ಅಂಗಡಿಗೆ ಬೀಗ ಹಾಕಿದಳು. ಅವನು ಮುಖ ತೊಳೆಯಲಿಲ್ಲ.